ನಿಪ್ಪಾಣಿಯ ಕಡಕ್ ಸೊಪ್ಪು, ಅದರ ಹಿಂದಿನ ಕೈಗಳು

ನಿಪ್ಪಾಣಿ ತಂಬಾಕಿನ ಖಾರವೆಲ್ಲ ಅಲ್ಲಿಯ ಕರಿಮಣ್ಣಿನದು ಎಂದು ಹೇಳುವುದು ರೂಢಿ. ಅದು ಅರ್ಧ ನಿಜ. ಉಳಿದರ್ಧ ಕೈಗಳದ್ದು. ಮಳೆಗಾಲದಲ್ಲಿ ಸಸಿ ಊರುವ ಕೈ, ಹೂಮೊಗ್ಗು ಕಾಣಿಸುತ್ತಲೇ ಕುಡಿ ಚಿವುಟುವ ಕೈ, ಚಳಿಗಾಲದ ಇಬ್ಬನಿಯಲ್ಲಿ ಎಲೆ ಮಗುಚುವ ಕೈ, ತಂಬಾಕಿನ ಉಗ್ರಾಣವಾದ ವಖಾರಿನಲ್ಲಿ ಜರಡಿ ಹಿಡಿಯುವ ಕೈ, ಕೊನೆಗೆ ನೂರಾರು ಕಿಲೋಮೀಟರ್ ಆಚೆ ಯಾವುದೋ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವ ಕೈ. ನಿಪ್ಪಾಣಿ ಎಂಬ ಹೆಸರು ಬೀಡಿ ವ್ಯಾಪಾರ ಇರುವಲ್ಲೆಲ್ಲ ಮೆರೆಯಿತು. ಈ ಕೈಗಳ ಲೆಕ್ಕವನ್ನು ಮಾತ್ರ ಯಾರೂ ನೆಟ್ಟಗೆ ಇಡಲಿಲ್ಲ. ಬೆಳೆಯೇ ಕಾಲು ಕೀಳುತ್ತಿರುವ ಈ ಹೊತ್ತಿನಲ್ಲಾದರೂ ಆ ಲೆಕ್ಕ ತೆಗೆಯಬೇಕು ಎಂಬುದು ನನ್ನ ಕಳಕಳಿ.

ಪುಣೆ–ಬೆಂಗಳೂರು ಹೆದ್ದಾರಿ ಕೊಲ್ಲಾಪುರ ದಾಟಿ ಕರ್ನಾಟಕಕ್ಕೆ ಬಂದ ಕೂಡಲೇ ಸಿಗುವ ದೊಡ್ಡ ಪೇಟೆ ನಿಪ್ಪಾಣಿ. ಬಹುಕಾಲ ಚಿಕ್ಕೋಡಿ ತಾಲ್ಲೂಕಿನೊಳಗಿದ್ದ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಸುತ್ತ ವೇದಗಂಗಾ, ದೂಧಗಂಗಾ ನದಿಗಳ ಬಯಲು. ಸಂತೆಯಲ್ಲಿ ಕನ್ನಡ, ಮರಾಠಿ ಎರಡೂ ಒಟ್ಟಿಗೇ ಕಿವಿಗೆ ಬೀಳುತ್ತವೆ. ಗಡಿಯಾಚೆ ಕೊಲ್ಲಾಪುರ ಸೀಮೆಯಲ್ಲೂ ಇದೇ ತಂಬಾಕು ಬೆಳೆಯುತ್ತದೆ. ದೇಶದಲ್ಲಿ ಬೀಡಿ ತಂಬಾಕಿಗೆ ಹೆಸರಾದ ನೆಲ ಮುಖ್ಯವಾಗಿ ಎರಡು: ಗುಜರಾತಿನ ಆಣಂದ–ಖೇಡಾ ಕಡೆಯ ಚರೋತರ, ಮತ್ತು ನಿಪ್ಪಾಣಿ ಸೀಮೆ.

ಕರ್ನಾಟಕದಲ್ಲಿ ತಂಬಾಕು ಎಂದೊಡನೆ ಹಲವರಿಗೆ ನೆನಪಾಗುವುದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ. ಅಲ್ಲಿಯದು ವರ್ಜೀನಿಯಾ ತಂಬಾಕು, ಸಿಗರೇಟಿನದು. ಕೆಂಪು ಮಣ್ಣಿನಲ್ಲಿ ಬೆಳೆದು, ಬ್ಯಾರನ್ ಎಂಬ ಹದಮನೆಯೊಳಗೆ ಕೆಲವು ದಿನ ಬಿಸಿಗಾಳಿ ಕೊಟ್ಟು ಹದಗೊಳಿಸಿ, ಹಳದಿ ಬಣ್ಣ ಬರಿಸುವ ಎಲೆ. ಎಲೆಯ ಪಿಷ್ಟ ಸಕ್ಕರೆಯಾಗುವವರೆಗೆ ಕಾದು, ಆಮೇಲೆ ಶಾಖ ಏರಿಸಿ ಸಕ್ಕರೆಯನ್ನು ಅಲ್ಲೇ ಉಳಿಸುವುದು ಆ ಪದ್ಧತಿಯ ಗುಟ್ಟು. ಹೀಗಾಗಿ ಅದರ ಹೊಗೆ ಮೃದು. ನಿಪ್ಪಾಣಿಯದು ಬಿಸಿಲಲ್ಲಿ ಒಣಗುವ ಸೊಪ್ಪು. ನಿಧಾನವಾಗಿ ಒಣಗುವಾಗ ಎಲೆ ತನ್ನೊಳಗಿನ ಸಕ್ಕರೆಯನ್ನು ತಾನೇ ಉಸಿರಾಡಿ ಕರಗಿಸಿಕೊಳ್ಳುತ್ತದೆ. ಬಣ್ಣ ಕಂದುತ್ತದೆ, ಘಾಟು ಉಳಿಯುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ ಜಾತಿ, ಬದನೆ–ಟೊಮೆಟೊ–ಮೆಣಸಿನಕಾಯಿಯ ಬಳಗ. ಬಾಳು ಮಾತ್ರ ಬೇರೆ ಬೇರೆ. ಆ ವ್ಯತ್ಯಾಸ ರಾಜಕೀಯದಲ್ಲೂ ಹೇಗೆ ಮೂಡಿತು ಎಂಬುದಕ್ಕೆ ಮುಂದೆ ಬರುತ್ತೇನೆ.

ಅಮೆರಿಕದಲ್ಲಿ ಹುಟ್ಟಿದ ಈ ಗಿಡ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂತು. ಭಾರತದಲ್ಲಿ ತಂಬಾಕಿನ ಬಗ್ಗೆ ಸಿಗುವ ಮೊದಮೊದಲ ಬರಹದಲ್ಲಿರುವುದು ನಮ್ಮದೇ ವಿಜಯಪುರ. ಅಕ್ಬರನ ರಾಜದೂತ ಅಸದ್ ಬೇಗ್ ಇಬ್ರಾಹಿಂ ಆದಿಲ್ ಶಾಹನ ಬಿಜಾಪುರದಲ್ಲಿ ಈ ಸೊಪ್ಪನ್ನು ಕಂಡ. ಉತ್ತರದಲ್ಲಿ ಅಂಥದ್ದನ್ನು ನೋಡಿರದ ಆತ ಒಂದಿಷ್ಟು ಕಟ್ಟಿಸಿಕೊಂಡು, ರತ್ನ ಕೂರಿಸಿದ ಸೇದುಕೊಳವೆಯೊಂದನ್ನು ಮಾಡಿಸಿ, 1605ರ ಹೊತ್ತಿಗೆ ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ. ಗೊತ್ತಿಲ್ಲದ ವಸ್ತು, ಬೇಡ ಎಂದು ಆಸ್ಥಾನದ ವೈದ್ಯ ತಡೆದ. ದೊರೆ ನಿಲ್ಲಿಸಿದರೂ ಅಮೀರರು ಹಿಡಿದರು, ವ್ಯಾಪಾರಿಗಳು ತರಿಸತೊಡಗಿದರು. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸುವಷ್ಟು ಚಟ ಹಬ್ಬಿತ್ತು. ಆ ವೈದ್ಯನ ಎಚ್ಚರಿಕೆ ಎಷ್ಟು ಸರಿಯಾಗಿತ್ತು ಎಂಬುದನ್ನು ವೈದ್ಯಶಾಸ್ತ್ರ ಸಾಬೀತುಪಡಿಸಲು ಮುನ್ನೂರು ವರ್ಷಕ್ಕೂ ಮಿಕ್ಕಿ ಬೇಕಾಯಿತು.

ಈಗ ಹೊಲಕ್ಕೆ ಬರೋಣ. ತಂಬಾಕಿನ ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಂಗೆ 10,000ಕ್ಕೂ ಹೆಚ್ಚು ಬೀಜ ತೂಗುತ್ತವೆ. ಹಾಗೇ ಕೈಯಿಂದ ಚೆಲ್ಲಿದರೆ ಒಂದೆಡೆ ಗುಂಪು, ಒಂದೆಡೆ ಬಯಲು. ಅದಕ್ಕೇ ಮರಳಲ್ಲೋ ಬೂದಿಯಲ್ಲೋ ಬೆರೆಸಿ ಸಸಿಮಡಿಗೆ ಹಾಕುತ್ತಾರೆ. ಮುಂಗಾರಿನಲ್ಲಿ ಮಡಿ, ಆಗಸ್ಟ್ ಸುಮಾರಿಗೆ ನಾಟಿ. ಸಾಲಿನಿಂದ ಸಾಲಿಗೆ ಅಂತರ ಧಾರಾಳ. ಎಡೆ ಹೊಡೆಯಲು ಎತ್ತು ಆಡಬೇಕು, ಎಲೆ ಕೈಚಾಚಬೇಕು. ನೀರಾವರಿಯ ಬೆಳೆ ಅಲ್ಲ ಇದು. ಮಳೆ ಹಿಂದೆ ಸರಿದ ಮೇಲೆ ಕರಿಮಣ್ಣು ಹಿಡಿದಿಟ್ಟ ತೇವದಲ್ಲೇ ಬಲಿಯುತ್ತದೆ. ನೀರು ಕಡಿಮೆಯಾದಷ್ಟೂ ಎಲೆ ದಪ್ಪವಾಗಿ, ಅಂಟು ಕಟ್ಟಿ, ಘಾಟು ಏರುತ್ತದೆ. ಮಣ್ಣಿಗೆ ಸಲ್ಲಬೇಕಾದ ಕೀರ್ತಿ ಇಲ್ಲಿಗೆ ಮುಗಿಯಿತು.

ಇನ್ನು ಕೈಯ ಕೆಲಸ. ಗಿಡ ಎದೆಮಟ್ಟ ಬೆಳೆದು ತುದಿಯಲ್ಲಿ ಮೊಗ್ಗು ಬಿಡುತ್ತಲೇ ಅದನ್ನು ಚಿವುಟಿ ಹಾಕಬೇಕು. ಗಿಡಕ್ಕೆ ಇಂತಿಷ್ಟೇ ಎಲೆ ಎಂದು ಎಣಿಸಿ, ಮೇಲಿನದನ್ನು ಮುರಿಯುತ್ತಾರೆ. ಆಗ ಗಿಡ ಸುಮ್ಮನಿರುವುದಿಲ್ಲ, ಪ್ರತಿ ಎಲೆಯ ಕಂಕುಳಲ್ಲೂ ಹೊಸ ಕುಡಿ ಹೊರಡಿಸುತ್ತದೆ. ಅವನ್ನೂ ವಾರ ವಾರ ತಡಕಿ ತೆಗೆಯಬೇಕು. ಎಲೆಯ ಮೇಲಿನ ಸಣ್ಣ ರೋಮಗಳಿಂದ ಒಸರುವ ಅಂಟು ಬೆರಳಿಗೆ ಹತ್ತಿ, ಸಂಜೆಯ ಹೊತ್ತಿಗೆ ಅಂಗೈ ಕಪ್ಪಾಗಿರುತ್ತದೆ. ಸೋಪಿಗೆ ಅದು ಬಗ್ಗುವುದಿಲ್ಲ. ಆ ಕೈಯಲ್ಲೇ ಬುತ್ತಿಯ ರೊಟ್ಟಿ ಮುರಿದರೆ ಬಾಯೆಲ್ಲ ಕಹಿ. ಇಬ್ಬನಿ ಬಿದ್ದ ಹಸಿ ಎಲೆಯ ನಡುವೆ ಒದ್ದೆ ಬಟ್ಟೆಯಲ್ಲಿ ದುಡಿಯುವವರಿಗೆ ತಲೆ ಸುತ್ತು, ವಾಂತಿ ಬರುವುದುಂಟು. ನಿಕೋಟಿನ್ ಒದ್ದೆ ಚರ್ಮದ ಮೂಲಕವೇ ರಕ್ತ ಸೇರುತ್ತದೆ ಎಂಬುದು ಇದಕ್ಕೆ ಕಾರಣ. ವೈದ್ಯರು ಇದನ್ನು ಹಸಿ ತಂಬಾಕಿನ ಕಾಯಿಲೆ ಎಂದೇ ಗುರುತಿಸಿದ್ದಾರೆ. ಬೀಡಿಯನ್ನು ಎಂದೂ ತುಟಿಗಿಡದ ಹೆಂಗಸಿನ ಮೈಗೂ ಹೀಗೆ ತಂಬಾಕು ಹೊಕ್ಕಿರುತ್ತದೆ.

ಕುಡಿ ಚಿವುಟಿದರೆ ಘಾಟು ಏರುವುದು ಏಕೆ? ಬೆಳೆಗಾರರು ಅನುಭವದಿಂದ ಬಲ್ಲ ಈ ಸಂಗತಿಗೆ ಸಸ್ಯವಿಜ್ಞಾನ ಕೊಡುವ ಉತ್ತರ ಬಲು ಸ್ವಾರಸ್ಯದ್ದು. ನಿಕೋಟಿನ್ ಹುಟ್ಟುವುದು ಎಲೆಯಲ್ಲಲ್ಲ, ಬೇರಿನಲ್ಲಿ. 1940ರ ದಶಕದಲ್ಲಿ ವಿಜ್ಞಾನಿಗಳು ಟೊಮೆಟೊ ಬೇರಿನ ಮೇಲೆ ತಂಬಾಕಿನ ಕುಡಿ ಕಸಿ ಕಟ್ಟಿ ನೋಡಿದರು. ಬೆಳೆದ ತಂಬಾಕಿನ ಎಲೆಯಲ್ಲಿ ನಿಕೋಟಿನ್ ಹೆಚ್ಚುಕಡಿಮೆ ಇರಲೇ ಇಲ್ಲ. ತಂಬಾಕಿನ ಬೇರಿನ ಮೇಲೆ ಟೊಮೆಟೊ ಕಟ್ಟಿದರೆ ಟೊಮೆಟೊ ಎಲೆಯಲ್ಲಿ ನಿಕೋಟಿನ್ ತುಂಬಿತ್ತು. ಬೇರಿನಲ್ಲಿ ತಯಾರಾಗಿ, ನೀರಿನ ಜೊತೆ ಮೇಲೇರಿ, ಎಲೆಯಲ್ಲಿ ಶೇಖರವಾಗುವ ವಿಷ ಅದು. ಹುಳು ಮೇಯದಂತೆ ಗಿಡ ಕಟ್ಟಿಕೊಂಡ ಕಾವಲು. ಮೇಲೆ ಎಲ್ಲಿ ಗಾಯವಾದರೂ ಬೇರಿಗೆ ಸೂಚನೆ ಮುಟ್ಟುತ್ತದೆ, ಬೇರು ಇನ್ನಷ್ಟು ನಿಕೋಟಿನ್ ಮಾಡಿ ಕಳಿಸುತ್ತದೆ. ತುದಿಯನ್ನೇ ಮುರಿಯುವುದು ಗಿಡದ ಪಾಲಿಗೆ ದೊಡ್ಡ ಗಾಯ. ಹೂವಿಗೂ ಬೀಜಕ್ಕೂ ಹೋಗಬೇಕಿದ್ದ ಸಾರವೆಲ್ಲ ಉಳಿದ ಎಲೆಗೆ ತಿರುಗುತ್ತದೆ, ಬೇರು ಆಳಕ್ಕೆ ಹಬ್ಬುತ್ತದೆ. ನಿಪ್ಪಾಣಿ ಸೊಪ್ಪು ಕಡಕ್ ಎನಿಸುವುದರ ಹಿಂದೆ ಹೆಬ್ಬೆರಳು, ತೋರುಬೆರಳುಗಳ ಈ ಚಿವುಟು ಇದೆ. ಅದನ್ನು ಮಾಡುವವರಲ್ಲಿ ಹೆಚ್ಚಿನವರು ದಿನಗೂಲಿಯ ಹೆಂಗಸರು.

ಈ ಬೆಳೆಗೆ ಒಂದು ವಿಶೇಷ ಶತ್ರುವಿದೆ. ಗಡಿಸೀಮೆಯಲ್ಲಿ ಬಂಬಾಕು ಎಂದು ಕರೆಯುವ ಪರಾವಲಂಬಿ ಕಳೆ. ಹಸಿರೆಲೆಯೇ ಇಲ್ಲದ ಇದು ನೆಲದೊಳಗೆ ತಂಬಾಕಿನ ಬೇರಿಗೆ ಬಾಯಿ ಹಚ್ಚಿ ಬದುಕುತ್ತದೆ. ಮೇಲೆ ತಲೆ ಎತ್ತುವಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. ಬೀಜ ಉದುರಿತೋ, ವರ್ಷಗಟ್ಟಲೆ ಮಣ್ಣಿನಲ್ಲಿ ಕಾದು ಕೂರುತ್ತದೆ. ಹೂ ಬಿಡುವ ಮುಂಚೆ ಕೈಯಿಂದ ಕಿತ್ತು ಸುಡುವುದೇ ಇಂದಿಗೂ ನೆಚ್ಚಬಹುದಾದ ಉಪಾಯ.

ಎಲೆ ಬಲಿತದ್ದಕ್ಕೆ ಗುರುತು ಅದರ ಮೈಮೇಲೇ ಮೂಡುತ್ತದೆ. ಮೇಲ್ಮೈ ಸುಕ್ಕುಗಟ್ಟಿ, ಅಲ್ಲಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳೇಳುತ್ತವೆ. ಬೇರೆ ಬೆಳೆಯಲ್ಲಾದರೆ ರೋಗವೆಂದು ಗಾಬರಿಯಾಗಬೇಕಾದ ಈ ಚುಕ್ಕೆಯನ್ನು ಬೀಡಿ ತಂಬಾಕಿನಲ್ಲಿ ವ್ಯಾಪಾರಿ ಹುಡುಕಿ ನೋಡುತ್ತಾನೆ. ಚುಕ್ಕೆ ಚೆನ್ನಾಗಿ ಕೂತಷ್ಟೂ ದರ. ಚಳಿಗಾಲದಲ್ಲಿ ಕೊಯ್ಲು. ಕೊಯ್ದ ಸೊಪ್ಪನ್ನು ಹೊಲದ ನೆಲದ ಮೇಲೆಯೇ ಹರಡಿ ಬಿಸಿಲಿಗೂ ಇಬ್ಬನಿಗೂ ಒಪ್ಪಿಸುತ್ತಾರೆ. ಮಗುಚುವುದಿದ್ದರೆ ನಸುಕಿನಲ್ಲೇ ಆಗಬೇಕು. ರಾತ್ರಿಯ ತೇವ ಹೀರಿ ಎಲೆ ಆಗ ಮೆತ್ತಗಿರುತ್ತದೆ. ಹೊತ್ತೇರಿತೆಂದರೆ ಹಪ್ಪಳದಂತೆ ಮುರಿದು ಮಣ್ಣುಪಾಲು. ಈ ವೇಳೆ ಒಂದು ಅಕಾಲಿಕ ಮಳೆ ಬಿದ್ದರೂ ಬಣ್ಣ ಕೆಟ್ಟು ವರ್ಷದ ದುಡಿಮೆ ಹೋಯಿತೆಂದೇ. ತಳಿಯ ಆಯ್ಕೆಗೆ ನೆರವಾಗಲು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ನಿಪ್ಪಾಣಿಯಲ್ಲೇ ಇದೆ; ಎನ್‌ಪಿಎನ್-190ರಂಥ ತಳಿ ಈ ಊರಿನ ಹೆಸರನ್ನೇ ಹೊತ್ತಿದೆ.

ಒಣಗಿದ ಸೊಪ್ಪು ವಖಾರಿಗೆ ಬಂದ ಮೇಲೆ ಅದರ ಹಲವು ಬಾಳುಗಳು ಶುರುವಾಗುತ್ತವೆ. ಹೆಂಗಸರು ಅದನ್ನು ಬಡಿದು, ಒಡೆದು, ನರ–ಕಡ್ಡಿ ಬೇರ್ಪಡಿಸಿ, ಬೇರೆ ಬೇರೆ ಕಣ್ಣಿನ ಜರಡಿ ಹಿಡಿಯುತ್ತಾರೆ. ಒಂದೇ ಅಳತೆಯ ಚೂರು ಬೀಡಿಗೆ. ಅದರ ಕೆಳಗೆ ಸೋರಿದ ನುಣ್ಣನೆಯ ಪುಡಿ ನಶ್ಯದಂಥ ಕೆಲಸಕ್ಕೆ. ತೊಟ್ಟು, ಕಡ್ಡಿಯನ್ನು ಪುಡಿ ಮಾಡಿದರೆ ಹಳೇ ಮೈಸೂರು ಕಡೆ ಎಲೆಅಡಿಕೆಯ ಜೊತೆ ಹಾಕಿಕೊಳ್ಳುವ ಕಡ್ಡಿಪುಡಿ. ಏನಕ್ಕೂ ಬಾರದ ಕಸ ಗೊಬ್ಬರಕ್ಕೆ. ಅದನ್ನೇ ನೀರಲ್ಲಿ ಕುದಿಸಿ ಸೋಸಿದ ಕಷಾಯವನ್ನು ಹೇನು, ನುಸಿ ಬಿದ್ದ ತರಕಾರಿಗೆ ಸಿಂಪಡಿಸುವುದು ಹಳೆಯ ರೂಢಿ. ತಂಬಾಕಿನ ಬೀಜದಲ್ಲಿ ಮೂರನೇ ಒಂದು ಭಾಗದಷ್ಟು ಎಣ್ಣೆಯಿದೆ, ಅದರಲ್ಲಿ ನಿಕೋಟಿನ್ ಇಲ್ಲ. ಸೋಪು, ಬಣ್ಣದ ತಯಾರಿಕೆಗೆ ಒದಗುತ್ತದೆ. ಎಲೆಯಿಂದ ಸೊಲನೆಸಾಲ್ ಎಂಬ ವಸ್ತುವನ್ನು ತೆಗೆದು ಔಷಧ ಉದ್ಯಮಕ್ಕೆ ಕೊಡುತ್ತಾರೆ. ಈ ಕೊನೆಯ ಎರಡು ಉಪಯೋಗಗಳು ಇನ್ನಷ್ಟು ಬೆಳೆಯಬೇಕಿತ್ತು; ವ್ಯಾಪಾರದ ಕಣ್ಣು ಹೊಗೆಯ ಮೇಲೇ ನೆಟ್ಟಿದ್ದರಿಂದ ಬೆಳೆಯಲಿಲ್ಲ ಎಂದು ನನಗನ್ನಿಸುತ್ತದೆ.

ಇವೆಲ್ಲದರ ನಡುವೆ ನನ್ನನ್ನು ಬಹಳ ಕಾಡುವುದು ಮಿಶ್ರಿ. ಒಣ ತಂಬಾಕನ್ನು ಕಾದ ತಗಡಿನ ಮೇಲೆ ಕಪ್ಪಾಗುವತನಕ ಹುರಿದು ಪುಡಿ ಮಾಡಿದರೆ ಮಿಶ್ರಿಯಾಯಿತು. ಮಹಾರಾಷ್ಟ್ರದಲ್ಲಿ ಮಶೇರಿ. ಬೆಳಗಾವಿಯ ಗಡಿಸೀಮೆಯ ಹೆಂಗಸರು ಬೆಳಿಗ್ಗೆ ಹಲ್ಲುಜ್ಜುವ ನೆಪದಲ್ಲಿ ಒಂದು ಚಿಟಿಕೆ ಒಸಡಿಗೆ ತಿಕ್ಕುತ್ತಾರೆ. ಸ್ವಲ್ಪ ದಿನದಲ್ಲಿ ಮಧ್ಯಾಹ್ನಕ್ಕೊಂದು, ಸಂಜೆಗೊಂದು. ನಿಕೋಟಿನ್ ಹಸಿವನ್ನು ಮಂದಗೊಳಿಸುತ್ತದೆ. ಅರೆಹೊಟ್ಟೆಯಲ್ಲಿ ದುಡಿಯುವವರಿಗೆ ಅದೂ ಒಂದು ಆಸರೆಯಂತೆ ಕಾಣುತ್ತದೆ. ಬೀಡಿ ಸೇದುವ ಹೆಂಗಸನ್ನು ಊರು ಆಡಿಕೊಳ್ಳುತ್ತದೆ, ಮಿಶ್ರಿ ತಿಕ್ಕುವವಳನ್ನು ಯಾರೂ ಏನೂ ಅನ್ನುವುದಿಲ್ಲ. ಹೀಗಾಗಿ ಬಸುರಿಯರೂ ಬಿಡುವುದಿಲ್ಲ. ಹೊಟ್ಟೆಯಲ್ಲಿರುವ ಕೂಸಿನ ತೂಕ ಕುಗ್ಗಿಸುವ, ಬಾಯಿ ಕ್ಯಾನ್ಸರ್ ತರುವ ವಸ್ತು ಇದು. ಹೊಗೆಯಿಲ್ಲದ ತಂಬಾಕು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದಾಗ ಊರೆಲ್ಲ ಚರ್ಚೆಯಾಯಿತು. ಮನೆಯ ಒಲೆಯ ಮೇಲೆ ತಯಾರಾಗುವ ಮಿಶ್ರಿಯನ್ನು ಯಾವ ಆದೇಶ ಮುಟ್ಟೀತು? ಆಶಾ ಕಾರ್ಯಕರ್ತೆ ಮನೆಯೊಳಗೆ ಕೂತು, ಅಕ್ಕರೆಯಿಂದ ಮಾತಾಡಿ ಬಿಡಿಸಬೇಕಾದ ಚಟ ಅದು.

ಬೀಡಿಯ ವಿಷಯದಲ್ಲಿ ಇನ್ನೊಂದು ತಪ್ಪು ಕಲ್ಪನೆ ಬೇರೂರಿದೆ: ಎಲೆಯಲ್ಲಿ ಸುತ್ತಿದ್ದು, ಕಾಗದವಿಲ್ಲ, ಆದ್ದರಿಂದ ಸಿಗರೇಟಿಗಿಂತ ವಾಸಿ. ಸಿಗರೇಟಿನಲ್ಲಿ ಸುಮಾರು ಮುಕ್ಕಾಲು ಗ್ರಾಂ ತಂಬಾಕಿದ್ದರೆ ಬೀಡಿಯಲ್ಲಿ ಕಾಲು ಗ್ರಾಂ ಇದ್ದರೆ ಹೆಚ್ಚು. ಆದರೆ ಬೀಡಿ ಎಲೆಯಲ್ಲಿ ಗಾಳಿಯಾಡುವುದಿಲ್ಲ. ಸುಮ್ಮನೆ ಹಿಡಿದುಕೊಂಡರೆ ಆರಿಹೋಗುತ್ತದೆ. ಆರದಂತೆ ಪದೇ ಪದೇ ಆಳವಾಗಿ ಎಳೆಯಬೇಕು. ಒಳಗಿರುವುದೋ ನಿಪ್ಪಾಣಿಯ ಕಡಕ್ ಸೊಪ್ಪು. ಹೀಗಾಗಿ ಪ್ರಯೋಗಾಲಯದಲ್ಲಿ ಅಳೆದಾಗ ಬೀಡಿಯ ಹೊಗೆಯಲ್ಲಿ ನಿಕೋಟಿನ್, ಟಾರ್, ಕಾರ್ಬನ್ ಮಾನಾಕ್ಸೈಡ್ ಮೂರೂ ಸಿಗರೇಟಿನದಕ್ಕಿಂತ ಮೇಲೆಯೇ ಬಂದಿವೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಬೀಡಿ ಸೇದುವವರು ಶೇ 7.7, ಸಿಗರೇಟು ಸೇದುವವರು ಶೇ 4. ಬಡವನ ಹೊಗೆ ಎಂಬ ಕನಿಕರದಿಂದ ಬೀಡಿಯ ತೆರಿಗೆಯಲ್ಲಿ ಸರ್ಕಾರಗಳು ಸದಾ ಕೈ ಹಿಡಿತ ಮಾಡಿವೆ. 2017ರಲ್ಲಿ ಜಿಎಸ್‌ಟಿ ಬಂದಾಗಲೂ ಸಿಗರೇಟಿನ ಮೇಲೆ ಹೇರಿದ ಸೆಸ್ ಬೀಡಿಗೆ ಬೀಳಲಿಲ್ಲ. ಆ ಕನಿಕರದಿಂದ ಲಾಭವಾದದ್ದು ಬೀಡಿ ಮಾಲೀಕರಿಗೆ. ಸೇದುವವನ ಎದೆಗೂ ಕಟ್ಟುವವಳ ಕೂಲಿಗೂ ಅದು ದಕ್ಕಲಿಲ್ಲ.

ಕಟ್ಟುವವಳೆಂದರೆ ಯಾರು? ನಿಪ್ಪಾಣಿಯ ಸೊಪ್ಪು ಲಾರಿ ಹತ್ತಿ ಮಂಗಳೂರಿನ ಬೀಡಿ ಕಂಪನಿಗಳಿಗೆ ಹೋಗುತ್ತಿತ್ತು. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಶಾಲೆ ಬಿಟ್ಟು ಬಂದು ಅಮ್ಮನ ಪಕ್ಕ ಕೂತು ಬೀಡಿ ಕಟ್ಟಿದ್ದಾರೆ. ಬೀಡಿಯ ದುಡ್ಡಿನಲ್ಲೇ ತಮ್ಮನನ್ನು ಓದಿಸಿದ್ದಾರೆ, ತಮ್ಮ ಮದುವೆಯ ಚಿನ್ನ ತಾವೇ ಕೂಡಿಸಿದ್ದಾರೆ. ಸಾವಿರ ಬೀಡಿಗೆ ಇಂತಿಷ್ಟು ಎಂಬ ಮಜೂರಿ. ಕಟ್ಟಿದ್ದನ್ನು ಕಂಪನಿಯ ಬ್ರಾಂಚಿಗೆ ಒಯ್ದಾಗ ಚೆಕ್ಕರ್ ಸರಿಯಿಲ್ಲವೆಂದು ಬೇರೆ ತೆಗೆದದ್ದಕ್ಕೆ ದುಡ್ಡಿಲ್ಲ. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ, 1976ರಲ್ಲಿ ಕಲ್ಯಾಣ ನಿಧಿ ಕಾಯ್ದೆ ಬಂದವು. ಗುರುತಿನ ಚೀಟಿ, ಭವಿಷ್ಯ ನಿಧಿ, ಮಕ್ಕಳಿಗೆ ವಿದ್ಯಾರ್ಥಿವೇತನ ಒಂದಿಷ್ಟು ಜನಕ್ಕಾದರೂ ಸಿಕ್ಕವು.

ವಖಾರಿನ ಹೆಂಗಸರಿಗೆ ಅಷ್ಟೂ ಇರಲಿಲ್ಲ. ಮುಚ್ಚಿದ ಕೋಣೆ, ಮೂಗಿಗೆ ಸೆರಗು, ದಿನವಿಡೀ ಏಳುವ ಘಾಟಿನ ಧೂಳು. ಎಪ್ಪತ್ತರ ದಶಕದ ಕೊನೆಗೆ ನಿಪ್ಪಾಣಿಯ ಈ ಹೆಂಗಸರು ಚಿಕ್ಕೋಡಿ ತಾಲ್ಲೂಕು ಕಾಮಗಾರ ಮಹಾಸಂಘದ ಅಡಿಯಲ್ಲಿ ಒಂದಾದರು, ಮುಷ್ಕರ ಹೂಡಿದರು. ಅಸಂಘಟಿತ ವಲಯದಲ್ಲಿ ಅಷ್ಟು ದೊಡ್ಡ ಸಂಖ್ಯೆಯ ಹೆಂಗಸರು ಎದ್ದು ನಿಂತದ್ದು ಆ ಕಾಲಕ್ಕೆ ಅಪರೂಪ. ಬೆಂಗಳೂರಿನ ದೀಪಾ ಧನರಾಜ್ ಮತ್ತವರ ಸಂಗಡಿಗರ ಯುಗಾಂತರ್ ಚಿತ್ರತಂಡ ತಿಂಗಳುಗಟ್ಟಲೆ ಇವರ ಜೊತೆಗಿದ್ದು, 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಆ ಹೆಂಗಸರ ದುಡಿಮೆ, ಅವರ ಸಭೆ, ಅವರ ಘೋಷಣೆಗಳು ಅದರಲ್ಲಿ ಉಳಿದಿವೆ. ಕರ್ನಾಟಕದ ಕಾರ್ಮಿಕ ಚರಿತ್ರೆ ಓದುವ ಪ್ರತಿಯೊಬ್ಬರೂ ಅದನ್ನು ನೋಡಬೇಕು.

ಬೆಳೆಗಾರರ ಸಿಟ್ಟು ಸ್ಫೋಟಗೊಂಡದ್ದೂ ಅದೇ ವರ್ಷಗಳಲ್ಲಿ. ತಂಬಾಕಿಗೆ ದರ ಕಟ್ಟುವವನು ವ್ಯಾಪಾರಿ, ದರ್ಜೆ ಹೇಳುವವನು ವ್ಯಾಪಾರಿ, ತೂಕದಲ್ಲಿ ಸೂಟು ಎಂದು ಕಡಿತ ಹಿಡಿಯುವವನೂ ಅವನೇ. ದುಡ್ಡು ಕೈಸೇರುವುದು ಅವನಿಗೆ ಮನಸ್ಸು ಬಂದಾಗ. ಒಣಗಿದ ಸೊಪ್ಪನ್ನು ಮನೆಯಲ್ಲಿಟ್ಟುಕೊಂಡು ಕಾಯುವ ತಾಕತ್ತು ಸಣ್ಣ ಹಿಡುವಳಿದಾರನಿಗೆ ಎಲ್ಲಿಂದ ಬರಬೇಕು? ಮಹಾರಾಷ್ಟ್ರದ ಶೇತಕರಿ ಸಂಘಟನೆಯ ಶರದ್ ಜೋಶಿ ಮುಂದಾಳತ್ವದಲ್ಲಿ 1981ರ ಮಾರ್ಚ್‌ನಲ್ಲಿ ಸಾವಿರಾರು ರೈತರು ಹೆದ್ದಾರಿಯ ಮೇಲೇ ಬಿಡಾರ ಹೂಡಿದರು. ಹೆಂಗಸರು, ಮಕ್ಕಳು, ಎತ್ತಿನ ಗಾಡಿ ಎಲ್ಲ ರಸ್ತೆಗೆ ಬಂತು. ಆ ಬಿಡಾರಕ್ಕೆ ಆಂದೋಲನ ನಗರ ಎಂದೇ ಹೆಸರಾಯಿತು. ಮೂರು ವಾರಕ್ಕೂ ಹೆಚ್ಚು ಕಾಲ ಹೆದ್ದಾರಿ ನಿಂತಿತು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಆಗ ಆರ್. ಗುಂಡೂರಾವ್ ಮುಖ್ಯಮಂತ್ರಿ. ನರಗುಂದ–ನವಲಗುಂದದ ಗೋಲಿಬಾರ್ ಆಗಿ ಒಂದು ವರ್ಷವೂ ಕಳೆದಿರಲಿಲ್ಲ. ನರಗುಂದದ ಹೆಸರು ನಮ್ಮ ರೈತ ಚಳವಳಿಯ ನೆನಪಿನಲ್ಲಿ ಹಸಿರಾಗಿದೆ. ನಿಪ್ಪಾಣಿಯದನ್ನು ನಾವು ಗಡಿಯಾಚೆಯವರ ಹೋರಾಟವೆಂಬಂತೆ ಬಿಟ್ಟುಕೊಟ್ಟೆವು. ಸತ್ತವರು ಈ ನೆಲದ ರೈತರು. ಆ ಮರೆವು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಸಂಗತಿ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. 1975ರ ಕಾಯ್ದೆಯಿಂದ ಹುಟ್ಟಿದ ತಂಬಾಕು ಮಂಡಳಿ 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ತಂದಿತು. ಬೆಳೆಗಾರನ ಬೇಲನ್ನು ಎಲ್ಲರೆದುರು ಕೂಗಿ ಮಾರುವುದು, ಅಧಿಕೃತ ತೂಕ, ನೋಂದಣಿ, ದುಡ್ಡಿಗೆ ಖಾತರಿ. ನಿಪ್ಪಾಣಿಯವರು ಹೆದ್ದಾರಿಯಲ್ಲಿ ಕೂತು ಕೇಳಿದ ನ್ಯಾಯಕ್ಕೆ ಬಲು ಹತ್ತಿರದ ವ್ಯವಸ್ಥೆ. ಆದರೆ ಅದು ಬಂದದ್ದು ಮೈಸೂರು ಸೀಮೆಯ ವರ್ಜೀನಿಯಾಕ್ಕೆ, ರಫ್ತಾಗಿ ವಿದೇಶಿ ವಿನಿಮಯ ತರುವ ಎಲೆಗೆ. ಬೀಡಿ ತಂಬಾಕು ಮಂಡಳಿಯ ಆಡಳಿತದ ಹೊರಗೇ ಉಳಿಯಿತು. ಹುಣಸೂರಿನ ರೈತನಿಗೂ ಕಷ್ಟ ಕಡಿಮೆಯೇನಿಲ್ಲ, ಹರಾಜು ಕಟ್ಟೆಯಲ್ಲಿ ದರ ಕುಸಿದಾಗ ಆತನೂ ಬೀದಿಗೆ ಬಂದಿದ್ದಾನೆ. ಆದರೂ ದೂರು ಹೇಳಿಕೊಳ್ಳಲು ಅವನಿಗೊಂದು ಬಾಗಿಲಿದೆ.

ಈಗ ನಿಪ್ಪಾಣಿ ಸುತ್ತ ತಿರುಗಿದರೆ ಕಣ್ತುಂಬ ಕಾಣುವುದು ಕಬ್ಬು. ದೂಧಗಂಗೆ, ವೇದಗಂಗೆಯ ನೀರು ಹತ್ತಿದ ಹೊಲಗಳಲ್ಲಿ ಅದೇ. ನಿಪ್ಪಾಣಿಯಲ್ಲೇ ಹಾಲಸಿದ್ಧನಾಥ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಮಳೆಯಾಶ್ರಯದಲ್ಲಿ ಸೋಯಾಬೀನ್. ಬೀಡಿ ಸೇದುವವರೂ ಕಡಿಮೆಯಾಗುತ್ತಿದ್ದಾರೆ. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅಂಗೀಕರಿಸಿದ ಮೇಲೆ ಬೆಳೆ ತಗ್ಗಿಸುವುದು ಸರ್ಕಾರದ ನೀತಿಯೂ ಹೌದು. ಈ ಬೆಳೆ ಹೋಗಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ; ಮಿಶ್ರಿಯಿಂದ ಸುಟ್ಟ ಒಸಡು, ಬೀಡಿಯಿಂದ ಕುಸಿದ ಎದೆ ಕಂಡವರು ಬೇರೆ ಮಾತಾಡಲಾರರು. ಹೋಗುವ ರೀತಿಯ ಬಗ್ಗೆ ಮಾತ್ರ ನನ್ನ ತಕರಾರಿದೆ. ಕೇಂದ್ರ ಸರ್ಕಾರ ಬೆಳೆ ವೈವಿಧ್ಯ ಕಾರ್ಯಕ್ರಮವನ್ನು 2015–16ರಿಂದ ತಂಬಾಕು ಬೆಳೆಯುವ ರಾಜ್ಯಗಳಿಗೂ ವಿಸ್ತರಿಸಿತು. ಅದರ ನೆರವು ಲೆಕ್ಕವಾಗುವುದು ಎಕರೆಯಲ್ಲಿ, ಪಹಣಿ ಇದ್ದವರ ಹೆಸರಿನಲ್ಲಿ. ಕಬ್ಬಿಗೆ ಕುಡಿ ಚಿವುಟುವವರು ಬೇಡ, ಎಲೆ ಮಗುಚುವವರು ಬೇಡ, ಜರಡಿ ಹಿಡಿಯುವವರು ಬೇಡ. ಕಟಾವಿಗೆ ಹೊರಗಿನಿಂದ ಗ್ಯಾಂಗು ಬರುತ್ತದೆ. ವಖಾರಿನಲ್ಲಿ ವಯಸ್ಸು ಸವೆಸಿದ ಹೆಂಗಸಿನ ಹೆಸರಿನಲ್ಲಿ ಎಕರೆಯೂ ಇಲ್ಲ, ಪಹಣಿಯೂ ಇಲ್ಲ. ಬೆಳೆ ಬದಲಾವಣೆಯ ಅರ್ಜಿ ನಮೂನೆಯಲ್ಲಿ ಅವಳಿಗೊಂದು ಕಾಲಂ ಸೇರಿಸಬೇಕು: ಎಷ್ಟು ವರ್ಷ ದುಡಿದಳು, ಯಾವ ವಖಾರಿನಲ್ಲಿ, ಶ್ವಾಸಕೋಶದ ತಪಾಸಣೆ ಆಗಿದೆಯೇ, ಭವಿಷ್ಯ ನಿಧಿ ಬಂದಿದೆಯೇ, ಬೇರೆ ಕಸುಬು ಕಲಿಯಲು ನೆರವು ಬೇಕೇ. ಕಾರ್ಮಿಕ ಇಲಾಖೆ ಮತ್ತು ಕೃಷಿ ಇಲಾಖೆ ಒಟ್ಟಿಗೆ ಕೂತರೆ ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳುವುದು ಕಷ್ಟದ ಕೆಲಸವಲ್ಲ. ಉತ್ತರ ಹೇಳಬಲ್ಲ ಹೆಂಗಸರು ನಿಪ್ಪಾಣಿಯ ಓಣಿಗಳಲ್ಲಿ ಇನ್ನೂ ಇದ್ದಾರೆ.